ನಾಲ್ಕು ತಾಸಿನ ಗಡುವು

2023ರ ಆಗಸ್ಟ್ 28, ಸೋಮವಾರ. ಬ್ರಿಟನ್ನಿನ ಬಹುಭಾಗಕ್ಕೆ ಬ್ಯಾಂಕ್ ಹಾಲಿಡೇ, ಸಾರ್ವಜನಿಕ ರಜೆ. ವಿಮಾನ ನಿಲ್ದಾಣಗಳಲ್ಲಿ ಕಾಲಿಡಲು ಜಾಗವಿಲ್ಲ. ಬೆಳಗ್ಗೆ 8:32ಕ್ಕೆ, ದೇಶದ ವಿಮಾನ ಸಂಚಾರ ನಿಯಂತ್ರಿಸುವ ನ್ಯಾಟ್ಸ್ ಸಂಸ್ಥೆಯ ಕಂಪ್ಯೂಟರಿಗೆ ಒಂದು ಫ್ಲೈಟ್ ಪ್ಲಾನ್ ಬಂದು ಬೀಳುತ್ತದೆ. ಲಾಸ್ ಏಂಜಲೀಸಿನಿಂದ ಪ್ಯಾರಿಸ್‌ಗೆ ಹೊರಟ ವಿಮಾನದ್ದು. ಅದು ಬ್ರಿಟನ್ನಿನಲ್ಲಿ ಇಳಿಯುವುದಿಲ್ಲ, ಮೇಲೆ ಹಾದುಹೋಗುತ್ತದೆ ಅಷ್ಟೆ. ಇಂಥ ಒಂದೂವರೆ ಕೋಟಿಗೂ ಹೆಚ್ಚು ಪ್ಲಾನ್‌ಗಳನ್ನು ಈ ಸಾಫ್ಟ್‌ವೇರ್ 2018ರಿಂದ ತಕರಾರಿಲ್ಲದೆ ಓದಿ ಮುಗಿಸಿದೆ.

ಉದ್ದನೆಯ ಮಾರ್ಗದಲ್ಲಿ ಬ್ರಿಟನ್ನಿನ ಪಾಲನ್ನು ಬೇರ್ಪಡಿಸಿ ಮುಂದಕ್ಕೆ ಕೊಡುವುದು ಅದರ ಕೆಲಸ. ವಿಮಾನ ಒಳಬರುವ ಬಿಂದು ಸಿಕ್ಕಿತು. ಹೊರಹೋಗುವ ಬಿಂದು? ವಿಮಾನ ಕಂಪನಿ ಕೊಟ್ಟ ಮೂಲ ಪ್ಲಾನಿನಲ್ಲಿ ಅದರ ಹೆಸರಿಲ್ಲ. ಹಾಗಾದರೆ ಗಡಿಯಾಚೆಗಿನ ಬಿಂದುವನ್ನೇ ಹಿಡಿಯೋಣ ಎಂದು ಪ್ರೋಗ್ರಾಂ, ಎಲ್ಲ ಬಿಂದುಗಳೂ ಇರುವ ವಿಸ್ತೃತ ಪ್ಲಾನಿನಲ್ಲಿ ಮುಂದೆ ನೋಡುತ್ತದೆ. ಡಿವಿಎಲ್! ಫ್ರಾನ್ಸಿನ ನಾರ್ಮಂಡಿಯ ಡೋವಿಲ್ ಊರಿನ ಸಂಕೇತ. ಅದೇ ಮೂರಕ್ಷರವನ್ನು ಮೂಲ ಪ್ಲಾನಿನಲ್ಲಿ ಹುಡುಕುತ್ತದೆ, ಸಿಕ್ಕಿಯೂ ಬಿಡುತ್ತದೆ. ಆದರೆ ಸಿಕ್ಕಿದ್ದು ಅಮೆರಿಕದ ನಾರ್ತ್ ಡಕೋಟದ ಡೆವಿಲ್ಸ್ ಲೇಕ್. ಅದರ ಸಂಕೇತವೂ ಡಿವಿಎಲ್. ನಡುವೆ ಸುಮಾರು 4,000 ನಾಟಿಕಲ್ ಮೈಲಿ ಅಂತರ!

ಪ್ರೋಗ್ರಾಮಿನ ಲೆಕ್ಕದಲ್ಲಿ ವಿಮಾನ ಬ್ರಿಟನ್ನಿನೊಳಗೆ ಬರುವ ಮೊದಲೇ ಹೊರಗೆ ಹೋಗಿದೆ. ಇದಕ್ಕೆ ಅದರ ಬಳಿ ಉತ್ತರವಿಲ್ಲ. ಕ್ರಿಟಿಕಲ್ ಎಕ್ಸೆಪ್ಷನ್ ಎಂಬ ಗಂಭೀರ ದೋಷದ ಸೂಚನೆ ಎಸೆದು, ಲಾಗ್ ಬರೆದು, ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಬ್ಯಾಕಪ್ ಓಡಿಬಂದು ಹೆಗಲು ಕೊಡುತ್ತದೆ. ಅದರಲ್ಲಿರುವುದೂ ಅದೇ ಕೋಡ್, ಕೈಗೆ ಬಂದಿದ್ದೂ ಅದೇ ಪ್ಲಾನ್. ಅದೂ ಬಿತ್ತು. ಎರಡೂ ನೆಲಕಚ್ಚಲು 20 ಸೆಕೆಂಡೂ ಬೇಕಾಗಲಿಲ್ಲ.

ನಿಂತಿದ್ದು ತಪ್ಪೆಂದು ನಾನು ಸಲೀಸಾಗಿ ಹೇಳಲಾರೆ. ಕಂಟ್ರೋಲರ್ ಮುಂದೆ ತಪ್ಪು ಮಾರ್ಗ ಇಡುವುದಕ್ಕಿಂತ ಬಾಯಿ ಮುಚ್ಚಿಕೊಳ್ಳುವುದೇ ಮೇಲು. ಆಕಾಶದಲ್ಲಿರುವುದು ಜನರ ಜೀವ. ಆದರೆ ಓದಲಾಗದ ಆ ಒಂದು ಪ್ಲಾನನ್ನು ಪಕ್ಕಕ್ಕಿಟ್ಟು, ‘ಇದು ಅರ್ಥವಾಗುತ್ತಿಲ್ಲ, ಇಂಥ ಬಿಂದುವಿನಲ್ಲಿ ತೊಡಕಿದೆ, ನೀವೇ ನೋಡಿ’ ಎಂದು ಮನುಷ್ಯರಿಗೆ ಕೂಗಿ ಹೇಳಿ, ಹಿಂದೆ ಸಾಲುಗಟ್ಟಿದ್ದ ಪ್ಲಾನ್‌ಗಳನ್ನು ಓದುತ್ತಾ ಹೋಗಬಹುದಿತ್ತು. ಹೊರಗಿನಿಂದ ಬರುವ ದತ್ತಾಂಶವನ್ನು ಓದುವ ಯಾವ ಪ್ರೋಗ್ರಾಮಿಗೂ ಈ ದಾರಿ ಬೇಕೇ ಬೇಕು. ಇಲ್ಲಿ ಅದಿರಲಿಲ್ಲ.

ಈಗ ಗಡಿಯಾರದೊಂದಿಗೆ ಓಟ. ಮೊದಲೇ ಬಂದಿದ್ದ ಪ್ಲಾನ್‌ಗಳು ನಾಲ್ಕು ತಾಸಿಗೆ ಸಾಕು. ಅಷ್ಟರೊಳಗೆ ದುರಸ್ತಿಯಾಗದಿದ್ದರೆ ಎಲ್ಲವನ್ನೂ ಕೈಯಲ್ಲೇ ಟೈಪ್ ಮಾಡಬೇಕು: ತಾಸಿಗೆ ಹೆಚ್ಚೆಂದರೆ 60. ರೀಸ್ಟಾರ್ಟ್ ಮಾಡಿದರು, ಏಳಲಿಲ್ಲ. ಆನ್‌ಕಾಲ್ ಎಂಜಿನಿಯರ್ ದೂರದಿಂದಲೇ ಯತ್ನಿಸಿದರು, ಆಗಲಿಲ್ಲ. ಅವರು ಹೊರಟು ಕಚೇರಿ ತಲುಪಲು ಒಂದೂವರೆ ತಾಸು ಹಿಡಿಯಿತು. ಅತ್ತ ವಿಮಾನಗಳ ಸಂಖ್ಯೆಗೆ ಕಡಿವಾಣ ಬಿತ್ತು. ಬೋರ್ಡ್‌ಗಳ ಮೇಲೆ ‘ವಿಳಂಬ’ ಹೋಗಿ ‘ರದ್ದು’ ಬರತೊಡಗಿತು. ಸಾಫ್ಟ್‌ವೇರ್ ತಯಾರಿಸಿದವರನ್ನು ಕೇಳುವ ಹೊತ್ತಿಗೆ ನಾಲ್ಕು ತಾಸು ಮೀರಿತ್ತು! ಅವರು ಲಾಗಿನ ಆಳಕ್ಕಿಳಿದರು. ಬೆಳಗ್ಗೆಯೇ ಬರೆದಿಟ್ಟಿದ್ದ ಸುಳಿವು ಅಲ್ಲಿತ್ತು, ಆ ಒಂದು ಪ್ಲಾನ್ ಕೈಗೆ ಸಿಕ್ಕಿತು.

ಮಧ್ಯಾಹ್ನ 2:27ಕ್ಕೆ ಸಿಸ್ಟಮ್ ಎದ್ದು ನಿಂತಿತು. ಸಂಜೆ ಆರರ ಸುಮಾರಿಗೆ ನಿರ್ಬಂಧ ತೆಗೆದರು. ಅಷ್ಟರಲ್ಲಿ 7 ಲಕ್ಷಕ್ಕೂ ಹೆಚ್ಚು ಪ್ರಯಾಣಿಕರ ಪಯಣ ಅಸ್ತವ್ಯಸ್ತವಾಗಿತ್ತು. ವಿಮಾನಗಳೂ ಸಿಬ್ಬಂದಿಯೂ ಇರಬೇಕಾದಲ್ಲಿ ಇರಲಿಲ್ಲ. ಮಂಗಳವಾರವೂ ನೂರಾರು ವಿಮಾನಗಳು ಹಾರಲಿಲ್ಲ.