ಮುಗಿಯದ ಸೆಪ್ಟೆಂಬರ್

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ 1979ರಲ್ಲಿ ಯೂಸ್‌ನೆಟ್ ಎಂಬ ಚರ್ಚಾಜಾಲವನ್ನು ಕಲ್ಪಿಸಿದರು. ದೂರದೂರದ ಗಣಕಗಳು ದೂರವಾಣಿ ತಂತಿಯ ಮೂಲಕ ಪರಸ್ಪರ ಬರಹಗಳನ್ನು ರವಾನಿಸುತ್ತಿದ್ದವು. ವಿಷಯಕ್ಕೊಂದರಂತೆ ಗುಂಪುಗಳು ಹುಟ್ಟಿಕೊಂಡವು. ಪ್ರತಿವರ್ಷ ಸೆಪ್ಟೆಂಬರಿನಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳು ಆರಂಭವಾದಾಗ ಹೊಸ ವಿದ್ಯಾರ್ಥಿಗಳು ಈ ಗುಂಪುಗಳಿಗೆ ನುಗ್ಗುತ್ತಿದ್ದರು. ಕೇಳಿದ್ದನ್ನೇ ಕೇಳುವರು, ಅಸಂಬದ್ಧವಾಗಿ ವಾದಿಸುವರು. ಹಳಬರು ಗೊಣಗುತ್ತಲೇ ತಿದ್ದುವರು. ಕೆಲವು ತಿಂಗಳುಗಳಲ್ಲಿ ಹೊಸಬರೂ ಹಳಬರಾಗಿ, ಮುಂದಿನ ಸೆಪ್ಟೆಂಬರಿನಲ್ಲಿ ತಾವೇ ಗೊಣಗುವ ಅರ್ಹತೆ ಪಡೆಯುತ್ತಿದ್ದರು.

ಈ ಋತುಚಕ್ರ 1993ರ ಸುಮಾರಿಗೆ ಮುರಿಯಿತು. ವಾಣಿಜ್ಯ ಸಂಸ್ಥೆಗಳು ತಮ್ಮ ಗ್ರಾಹಕರಿಗೆ ಯೂಸ್‌ನೆಟ್‌ನ ಬಾಗಿಲು ತೆರೆದ ಮೇಲೆ ಹೊಸಬರು ಬಾರದ ತಿಂಗಳೇ ಇಲ್ಲವಾಯಿತು. ಅಂದಿನಿಂದ ಆ ಕಾಲಕ್ಕೆ 'ಮುಗಿಯದ ಸೆಪ್ಟೆಂಬರ್' ಎಂಬ ಹೆಸರು ನಿಂತಿತು. 1994ರ ಏಪ್ರಿಲ್‌ನಲ್ಲಿ ಇಬ್ಬರು ವಕೀಲರು ತಮ್ಮ ಜಾಹೀರಾತನ್ನು ಸಾವಿರಾರು ಗುಂಪುಗಳಿಗೆ ಒಮ್ಮೆಗೇ ಹಾಕಿದರು. ಮುಂದೆ ಇಂಥ ಜಾಹೀರಾತುಗಳೇ ಅನೇಕ ಗುಂಪುಗಳನ್ನು ತುಂಬಿದವು. ಡ್ಯೂಕ್ ವಿಶ್ವವಿದ್ಯಾಲಯವು 2010ರಲ್ಲಿ ತನ್ನ ಯೂಸ್‌ನೆಟ್ ಸರ್ವರನ್ನು ನಿಲ್ಲಿಸಿತು.

ಇದರ ಹೊಣೆಯನ್ನು ಹೊಸಬರ ಅಜ್ಞಾನದ ಮೇಲೆ ಹೊರಿಸುವುದು ಸುಲಭ. ಆದರೆ 1985ರ ಹೊಸಬನೂ ಅಷ್ಟೇ ಅಜ್ಞಾನಿಯಾಗಿದ್ದ. ಅವನಿಗೆ ಕಲಿಸಲು ಜನರಿದ್ದರು, ಕಲಿಯಲು ಅವಧಿಯಿತ್ತು.

ಇಂಗ್ಲಿಷ್ ವಿಕಿಪೀಡಿಯದ ಚರಿತ್ರೆ ಇದೇ ಮಾತನ್ನು ವಿರುದ್ಧ ದಿಕ್ಕಿನಿಂದ ಸಮರ್ಥಿಸುತ್ತದೆ. 2001ರಲ್ಲಿ ಹುಟ್ಟಿದ ಈ ವಿಶ್ವಕೋಶದ ಸಕ್ರಿಯ ಸಂಪಾದಕರ ಸಂಖ್ಯೆ 2007ರಲ್ಲಿ ಐವತ್ತು ಸಾವಿರ ದಾಟಿ, ಬಳಿಕ ವರ್ಷವರ್ಷವೂ ಇಳಿಯಿತು. ಹೆಚ್ಚಿದ ವಿಧ್ವಂಸಕ ತಿದ್ದುಪಡಿಗಳನ್ನು ತಡೆಯಲು ನಿಯಮಗಳು ಬೆಳೆದವು. ತಪ್ಪು ಕಂಡೊಡನೆ ಅಳಿಸುವ ಯಂತ್ರಸಾಧನಗಳು ಬಂದವು. ಗ್ರಂಥದ ರಕ್ಷಣೆಗೆ ಅವು ಅಗತ್ಯವಾಗಿದ್ದವು. ಆದರೆ ಸದುದ್ದೇಶದಿಂದ ಬಂದವನ ಮೊದಲ ವಾಕ್ಯವೂ ಕಾರಣ ತಿಳಿಯುವ ಮೊದಲೇ ಮಾಯವಾಗತೊಡಗಿತು. ಅವನು ಮತ್ತೆ ಬರಲಿಲ್ಲ. 2012ರಲ್ಲಿ 'ಟೀಹೌಸ್' ಎಂಬ ಪುಟವನ್ನು ತೆರೆದು, ಹೊಸಬರ ಪ್ರಶ್ನೆಗಳಿಗೆ ಅನುಭವಿಗಳು ಸೌಜನ್ಯದಿಂದ ಉತ್ತರಿಸುವ ವ್ಯವಸ್ಥೆಯಾಯಿತು. ಅಲ್ಲಿಗೆ ಆಹ್ವಾನ ಪಡೆದವರು ಉಳಿದುಕೊಳ್ಳುವ ಸಾಧ್ಯತೆ ಹೆಚ್ಚೆಂಬುದನ್ನು ನಂತರದ ಅಧ್ಯಯನ ತೋರಿಸಿತು. ದಶಕದ ಮಧ್ಯಭಾಗದ ಹೊತ್ತಿಗೆ ಇಳಿಕೆಯೂ ನಿಂತಿತು. ಅದಕ್ಕೆ ಈ ಪುಟವೊಂದೇ ಕಾರಣವೆನ್ನಲಾಗದು. ಆದರೆ ರೋಗದ ಮೂಲವನ್ನು ಅದು ಸರಿಯಾಗಿ ಗುರುತಿಸಿತ್ತು.

ಯೂಸ್‌ನೆಟ್‌ಗೆ ಕದವೇ ಇರಲಿಲ್ಲ; ವಿಕಿಪೀಡಿಯಕ್ಕೆ ಕದವಿತ್ತು, ಒಳಗೆ ಕರೆಯುವವರು ಕಡಿಮೆಯಾಗಿದ್ದರು. ಎರಡೂ ಕಡೆ ಬತ್ತಿದ್ದು ಹಳಬರಿಗೂ ಹೊಸಬರಿಗೂ ನಡುವಣ ಕಲಿಕೆಯ ಸಂಬಂಧ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಂತಹ ಸಣ್ಣ ಸಮುದಾಯಕ್ಕೆ ಈ ಸಂಬಂಧ ಇನ್ನೂ ಅಮೂಲ್ಯ. ಅಲ್ಲಿ ಒಬ್ಬ ಹೊಸ ಲೇಖಕ ಬೇಸತ್ತು ಹಿಂದಿರುಗಿದರೆ, ಅವನು ಬರೆಯಬಹುದಾಗಿದ್ದ ಲೇಖನಗಳನ್ನು ಬರೆಯಲು ಇನ್ನೊಬ್ಬರು ಸಾಲಿನಲ್ಲಿ ಕಾದಿರುವುದಿಲ್ಲ.