ಸಾಳುಂಕೆ ಏನು ಹೇಳಿದ್ದಾರೆ?

2025ರ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ, ಡೊಂಬಿವಿಲಿಯಲ್ಲಿರುವ ನನ್ನ ತಂಗಿ ಮೊಬೈಲಿಗೆ ಒಂದು ಚಿತ್ರ ಕಳಿಸಿದಳು. ನರೆತ ಕೂದಲಿನ ಎಸಿಪಿ ಪ್ರದ್ಯುಮನ್ ಅವರ ಮುಖ, ಕೆಳಗೆ 1998ರಿಂದ 2025 ಎಂದು ಎರಡು ಇಸವಿ. ನಮ್ಮ ಕಡೆ ಬಸ್‌ ನಿಲ್ದಾಣಗಳಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟುತ್ತಾರಲ್ಲ, ಅದೇ ರೀತಿ. ನನ್ನ ಎದೆ ಧಸಕ್ಕೆಂದಿತು. ಶಿವಾಜಿ ಸಾಟಮ್ ಹೋಗಿಬಿಟ್ಟರು ಎಂದೇ ತಿಳಿದೆ. ಸುದ್ದಿ ಹುಡುಕಿ ಓದಿದ ಮೇಲೆ ಗೊತ್ತಾಯಿತು: ನಟ ಕ್ಷೇಮವಾಗಿದ್ದಾರೆ, ಸತ್ತದ್ದು ಪಾತ್ರ. ‘ಸಿಐಡಿ’ ಧಾರಾವಾಹಿಯಲ್ಲಿ ಬಾರ್ಬೋಸಾ ಎಂಬ ಹಳೇ ವೈರಿ ಬಾಂಬ್ ಇಟ್ಟು ಎಸಿಪಿಯನ್ನು ಮುಗಿಸಿದ್ದಾನೆ. ಆ ಚಿತ್ರ ಹಾಕಿದ್ದು ವಾಹಿನಿಯವರೇ. ನನ್ನ ಹಾಗೆ ಗಾಬರಿಬಿದ್ದವರು ದೇಶದ ತುಂಬ ಇದ್ದರು.

ನಾನು ತಕ್ಷಣ ಕಾಪುವಿನಲ್ಲಿರುವ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಅವಳಿಗೆ ಈಗ ಎಪ್ಪತ್ತು ದಾಟಿದೆ. ಸಿಐಡಿಯ ಮೊದಲ ವರ್ಷಗಳಿಂದ ನೋಡುತ್ತಾ ಬಂದವಳು. ನಮ್ಮ ಮನೆಮಾತು ತುಳು. ಅವಳು ಹೇಳಿದ್ದನ್ನು ಇಲ್ಲಿ ನಮ್ಮ ಊರಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ದೊಡ್ಡಮ್ಮ, ಎಸಿಪಿ ಸತ್ತರಂತೆ ಅಲ್ವಾ?”

“ಯಾರು ಹೇಳಿದ್ದು?”

“ಚಾನೆಲಿನವರೇ ಫೋಟೋ ಹಾಕಿದ್ದಾರೆ.”

“ಚಾನೆಲಿನವರು ಡಾಕ್ಟ್ರಾ? ಸಾಳುಂಕೆ ಏನು ಹೇಳಿದ್ದಾರೆ?”

“ನಾನು ಆ ಎಪಿಸೋಡು ನೋಡ್ಲಿಲ್ಲ.”

“ನೋಡದೆ ಮಾತಾಡುದಲ್ಲ ಮಗಾ. ಡಿಸೆಂಬರಲ್ಲಿ ಅಭಿಜಿತ್ ನಮ್ಮ ದಯಾನಿಗೆ ಗುಂಡು ಹೊಡ್ದ. ಆಗ್ಲೂ ನೀನು ಹೀಗೇ ಫೋನ್ ಮಾಡಿದ್ದು. ಮತ್ತೆ ಅವ ಬರ್ಲಿಲ್ವಾ?”

ದಯಾ, ಅಭಿಜಿತ್ ಎಸಿಪಿಯ ತಂಡದ ಇನ್‌ಸ್ಪೆಕ್ಟರುಗಳು; ಸಾಳುಂಕೆ ಅದೇ ತಂಡಕ್ಕೆ ಶವಪರೀಕ್ಷೆ ಮಾಡಿಕೊಡುವ ಡಾಕ್ಟರು. ದೊಡ್ಡಮ್ಮನ ಮಾತು ಗಟ್ಟಿಯಾಗಿಯೇ ಇತ್ತು. ಆದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರ್ತಾರೆ ಅವ್ರು. ಆದ್ರೆ ಅಷ್ಟ್ರವರೆಗೆ ದಯಾ ಹೇಗಿರ್ತಾನಾ ಏನೋ” ಎನ್ನುವಾಗ ಗಂಟಲು ಕಟ್ಟಿತು. ಹಿಂದಿನ ರಾತ್ರಿ ಅವಳಿಗೆ ಗಂಜಿ ಸೇರಲಿಲ್ಲವೆಂದು ಆಮೇಲೆ ಅತ್ತಿಗೆ ಹೇಳಿದರು. ಸಾವನ್ನು ನಂಬದವಳೇ ಆ ಸಾವಿಗಾಗಿ ಅತ್ತಿದ್ದಳು. ನನಗೆ ಇದರಲ್ಲಿ ವಿರೋಧವೇನೂ ಕಾಣುವುದಿಲ್ಲ. ನಂಬುವುದು ಬಿಡುವುದು ಎಸಿಪಿಗೆ ಸಂಬಂಧಪಟ್ಟದ್ದು. ಅಳು ದಯಾನ ಪರವಾಗಿ ಬಂದದ್ದು.

ದಯಾ ಅವಳಿಗೆ ಯಾಕೆ ‘ನಮ್ಮ ದಯಾ’ ಎಂದು ಹೇಳಬೇಕು. ಕಾಪುವಿನಿಂದ ಉಡುಪಿಯ ಕಡೆ ಹೊರಟರೆ ಪಾಂಗಾಳ ದಾಟಿದ ಕೂಡಲೇ ಕಟಪಾಡಿ. ದಯಾನ ಪಾತ್ರ ಮಾಡುವ ದಯಾನಂದ ಶೆಟ್ಟಿ ಹುಟ್ಟಿದ್ದು ಅಲ್ಲಿ. ಕರಾವಳಿಯ ಎಷ್ಟೋ ಕುಟುಂಬಗಳ ಹಾಗೆ ಅವರ ಬದುಕೂ ಮುಂಬಯಿಯದಾಯಿತು. ಚಕ್ರ ಎಸೆತದಲ್ಲಿ ಮಹಾರಾಷ್ಟ್ರಕ್ಕೇ ಮೊದಲಿಗರಾಗಿದ್ದವರು, ಕಾಲಿನ ಗಾಯದಿಂದ ಆಟ ಬಿಟ್ಟು ನಟನೆಗೆ ಬಂದರು. ಮುಂಬಯಿಯಲ್ಲಿ ಹೋಟೆಲಿನಲ್ಲಿದ್ದ ಮಾವ ರಜೆಗೆ ಊರಿಗೆ ಬಂದಾಗ ದಯಾ ನಮ್ಮ ಕಡೆಯವ ಎಂಬ ಸುದ್ದಿ ತಂದರು. ಆವತ್ತಿನಿಂದ ದಯಾ ಬಾಗಿಲಿಗೆ ಒದ್ದಾಗಲೆಲ್ಲ ದೊಡ್ಡಮ್ಮ ತಾನೇ ಒದ್ದ ಹಾಗೆ ಕಾಲು ಬಿಗಿ ಹಿಡಿಯುತ್ತಿದ್ದಳು. ಬಾಗಿಲು ಮುರಿದು ಬಿದ್ದ ಮೇಲೆ, “ಕಾಲು ನೋವಾಗಿರ್ಬಹುದು ಮಾಣಿಗೆ” ಎನ್ನುತ್ತಿದ್ದಳು. ದಯಾನನ್ನು ಅವಳು ಯಾವಾಗಲೂ ‘ಅವ’ ಎಂದೇ ಕರೆಯುವುದು. ಎಸಿಪಿ ‘ಅವರು’. ಅಭಿಜಿತ್‌ಗೆ ಒಮ್ಮೊಮ್ಮೆ ಅವ, ಸಿಟ್ಟು ಬಂದ ವಾರ ‘ಆ ಜನ’. ಸಾಳುಂಕೆಗೆ, ಡಾಕ್ಟರಾದ ಕಾರಣ, ಎಂದೂ ಏಕವಚನವಿಲ್ಲ.

ಅವಳು ಸಿಐಡಿ ನೋಡುತ್ತಿದ್ದದ್ದು ಬೀಡಿ ಕಟ್ಟುತ್ತಾ. ನನ್ನ ಕಣ್ಣಿಗೆ ಕಟ್ಟಿದ ಹಾಗಿರುವ ಚಿತ್ರ ಅದು. ಶುಕ್ರವಾರ ರಾತ್ರಿ ಊಟವಾಗಿ, ಒಲೆ ಸಾರಿಸಿ, ಟಿವಿ ಎದುರು ಕಾಲು ಚಾಚಿ ಕೂತು ತಡ್ಪೆಯನ್ನು, ಅಂದರೆ ಮೊರವನ್ನು, ತೊಡೆಯ ಮೇಲೆ ಇಟ್ಟುಕೊಳ್ಳುವಳು. ನೆನೆಸಿ ಕತ್ತರಿಸಿಟ್ಟ ಎಲೆ ಒಂದು ಕಡೆ, ಹೊಗೆಸೊಪ್ಪು ಒಂದು ಕಡೆ, ನೂಲಿನ ಉಂಡೆ ಮೊಣಕಾಲ ಹತ್ತಿರ. ಕಣ್ಣು ತೆರೆಯ ಮೇಲೆ, ಕೈ ಎಲೆಯ ಮೇಲೆ. ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿದು ಪಕ್ಕಕ್ಕೆ ಹಾಕುವುದಕ್ಕೆ ಅವಳು ಒಂದು ಸಲವೂ ಕೆಳಗೆ ನೋಡಬೇಕಿರಲಿಲ್ಲ. ಎಸಿಪಿ ಬಲಗೈ ಎತ್ತಿ ಬೆರಳು ತಿರುಗಿಸುತ್ತಾ ‘ಏನೋ ಎಡವಟ್ಟಿದೆ, ದಯಾ’ ಎನ್ನುವ ಹೊತ್ತಿಗೆ ಮಾತ್ರ ಕೈ ನಿಲ್ಲುತ್ತಿತ್ತು. ಅರ್ಧ ಸುತ್ತಿದ ಎಲೆ ಹೆಬ್ಬೆರಳಿನಡಿಯಲ್ಲಿ ಹಾಗೇ. ನಮಗೆ ಮಕ್ಕಳಿಗೆ ಅದು ಸೂಚನೆ: ಇನ್ನು ಯಾರೂ ನೀರು ಕೇಳುವಂತಿಲ್ಲ, ಯಾರೂ ಎದ್ದು ಹೋಗುವಂತಿಲ್ಲ.

2004ರ ನವೆಂಬರಿನಲ್ಲಿ, ಒಂದೇ ಶಾಟಿನಲ್ಲಿ ಎಲ್ಲೂ ಕತ್ತರಿಸದೆ ತೆಗೆದ 111 ನಿಮಿಷದ ಕಂತು ಬಂತು. ಅದು ಗಿನ್ನೆಸ್ ದಾಖಲೆಗೂ ಸೇರಿತು. ದೊಡ್ಡಮ್ಮನಿಗೆ ಶಾಟು, ದಾಖಲೆ ಯಾವುದೂ ಬೇಕಿರಲಿಲ್ಲ. ಆದರೂ ಅವಳು ಕಂಡುಹಿಡಿದಿದ್ದಳು. “ಇವತ್ತು ಇವ್ರಿಗೆ ಉಸಿರು ಬಿಡ್ಲಿಕ್ಕೇ ಪುರುಸೊತ್ತಿಲ್ಲ” ಎಂದಳು. ಕ್ಯಾಮರಾಮನ್ ಆಗಿದ್ದು ನಿರ್ದೇಶಕರಾದ ಬಿ.ಪಿ. ಸಿಂಗ್ ಆ ಕಂತಿನಿಂದ ಏನು ಬಯಸಿದ್ದರೋ ಅದು ಬೀಡಿ ಕಟ್ಟುವ ಒಬ್ಬ ಹೆಂಗಸಿಗೆ ನೇರ ತಲುಪಿತ್ತು.

ನಿಜವಾದ ಸಿಐಡಿ ಶುರುವಾಗುತ್ತಿದ್ದದ್ದು ಮರುದಿನ, ಬೀಡಿ ಬ್ರಾಂಚಿನಲ್ಲಿ. ಕಟ್ಟಿದ ಬೀಡಿ ಒಪ್ಪಿಸಿ ಎಲೆ, ಹೊಗೆಸೊಪ್ಪು ತೂಗಿಸಿಕೊಳ್ಳಲು ಹೆಂಗಸರು ಸಾಲು ನಿಲ್ಲುತ್ತಾರೆ. ಕಾಯುವ ಹೊತ್ತಿನಲ್ಲಿ ಹಿಂದಿನ ರಾತ್ರಿಯ ಕೊಲೆ ಮತ್ತೊಮ್ಮೆ ತನಿಖೆಗೆ ಬರುತ್ತಿತ್ತು. ಕೊಲೆಗಾರ ಯಾರೆಂದು ಅಷ್ಟರಲ್ಲಿ ಎಲ್ಲರಿಗೂ ಗೊತ್ತು. ಆದರೆ ಅವನ ಮೇಲೆ ಮೊದಲು ಸಂಶಯ ಬಂದದ್ದು ಯಾರಿಗೆ, ಯಾವ ಮಾತಿಗೆ, ಅದು ಮುಖ್ಯ. “ಹೆಂಡತಿ ಸತ್ತಿದ್ದಾಳೆ, ಅವ ಚಾ ಕುಡಿದ. ನನಗೆ ಅಲ್ಲೇ ಗೊತ್ತಾಯ್ತು” ಎಂದು ಒಬ್ಬಳು. “ಚಾ ಕುಡಿದದ್ದಕ್ಕೆ ಎಂತ? ನನ್ನ ಗಂಡ ಹೋದಾಗ ನಾನೂ ಕುಡಿದಿದ್ದೇನೆ, ಅತ್ತಿಗೆ ಬಾಯಿಗೆ ಹಿಡಿದಿದ್ರು” ಎಂದು ಇನ್ನೊಬ್ಬಳು. ಆ ಮಾತಿಗೆ ಸಾಲಿನಲ್ಲಿ ಎಲ್ಲರೂ ಸುಮ್ಮನಾದದ್ದು ನನಗೆ ನೆನಪಿದೆ. ನಾನು ದೊಡ್ಡಮ್ಮನ ಸೆರಗು ಹಿಡಿದು ನಿಂತಿದ್ದೆ. ಕಟ್ಟುಕಥೆಯ ಶವದಿಂದ ಹೊರಟ ಮಾತು ಒಬ್ಬಳ ಮನೆಯ ನಿಜವಾದ ಸಾವಿಗೆ ಹೋಗಿ ತಾಗಿತ್ತು. ಅವಳು ಆ ಚಹಾದ ವಿಷಯವನ್ನು ಅದಕ್ಕೆ ಮೊದಲು ಯಾರಿಗೂ ಹೇಳಿರಲಿಲ್ಲವೋ ಏನೋ.

ಧಾರಾವಾಹಿ ನೋಡುವವರು ಅದರಲ್ಲೇ ಮುಳುಗಿ ಮನೆಮಠ ಮರೆಯುತ್ತಾರೆ ಎಂದು ದೂರುವವರಿಗೆ ನಾನು ಈ ಸಾಲನ್ನು ತೋರಿಸಲು ಇಷ್ಟಪಡುತ್ತೇನೆ. ಮುಳುಗುವುದು ಅರ್ಧ ಗಂಟೆಯೋ ಒಂದು ಗಂಟೆಯೋ. ಉಳಿದ ಆರು ದಿನ ಕಥೆ ನೋಡುವವರ ಕೈಯಲ್ಲಿರುತ್ತದೆ. ಅವರು ಅದನ್ನು ತಿರುವಿ ಹಾಕುತ್ತಾರೆ, ಬರೆದವನಿಗೆ ಹೊಳೆಯದ್ದನ್ನು ಕಾಣುತ್ತಾರೆ, ತಮ್ಮ ಬದುಕಿನ ತಕ್ಕಡಿಯಲ್ಲಿಟ್ಟು ತೂಗುತ್ತಾರೆ. ಈಗ ನಮ್ಮ ಅಣ್ಣನ ಮಗ ಸಿಐಡಿಯ ಹೊಸ ಕಂತುಗಳನ್ನು ನೆಟ್‌ಫ್ಲಿಕ್ಸಿನಲ್ಲಿ ಒಂದೇ ಭಾನುವಾರ ನಾಲ್ಕೈದು ನೋಡಿ ಮುಗಿಸುತ್ತಾನೆ. ದೊಡ್ಡಮ್ಮನಿಗೂ ಹಾಗೆ ತೋರಿಸಲು ಹೋದ. ಅವಳು ಒಪ್ಪಲಿಲ್ಲ. “ಒಂದೇ ಸಲಕ್ಕೆ ನೋಡಿದ್ರೆ ಯೋಚನೆ ಮಾಡುದು ಯಾವಾಗ?” ಎಂದು ಕೇಳಿದಳು.

ಈ ಯೋಚನೆ ಟಿವಿಗಷ್ಟೇ ನಿಲ್ಲುತ್ತಿರಲಿಲ್ಲ. ಒಮ್ಮೆ ನೆರೆಮನೆಯಲ್ಲಿ ಕಪಾಟು ಒಡೆದು ಚಿನ್ನ ಕದ್ದರು. ಊರಿನವರೆಲ್ಲ ಒಳಗೆ ನುಗ್ಗಿ ಕಪಾಟಿನ ಬಾಗಿಲು ಮುಟ್ಟಿ ಮುಟ್ಟಿ ನೋಡುತ್ತಿದ್ದಾಗ ದೊಡ್ಡಮ್ಮ ಹೊಸ್ತಿಲಲ್ಲಿ ಅಡ್ಡ ನಿಂತು, “ಪೊಲೀಸರು ಬರುವವರೆಗೆ ಯಾರೂ ಎಂತದೂ ಮುಟ್ಟುದು ಬೇಡ” ಎಂದಳು. ಶಾಲೆಗೆ ಮೂರು ವರ್ಷ ಹೋದವಳು. ಬೆರಳಚ್ಚು ಎಂದರೇನು, ಅದು ಎಷ್ಟು ಬೇಗ ಅಳಿಸಿಹೋಗುತ್ತದೆ ಎನ್ನುವುದನ್ನು ಅವಳಿಗೆ ಕಲಿಸಿದ್ದು ಸಾಳುಂಕೆಯೇ. ಅವರ ಪ್ರಯೋಗಾಲಯದ ಬಣ್ಣಬಣ್ಣದ ದ್ರವ, ಕ್ಷಣದಲ್ಲಿ ಬರುವ ಫಲಿತಾಂಶ ಇವೆಲ್ಲ ನಿಜದಲ್ಲಿ ಹಾಗಿರುವುದಿಲ್ಲ, ನಿಜ. ಆದರೆ ಬಾಯಿಮಾತಿಗಿಂತ ಸಾಕ್ಷಿ ದೊಡ್ಡದು ಎಂಬ ಪಾಠ ಸುಳ್ಳಲ್ಲ. ಅದಕ್ಕೇ ಎಸಿಪಿ ಸತ್ತರೆಂದಾಗ ಅವಳು ಸಾಳುಂಕೆ ಏನು ಹೇಳಿದ್ದಾರೆ ಎಂದು ಕೇಳಿದ್ದು.

2018ರ ಅಕ್ಟೋಬರ್ 27ಕ್ಕೆ, 1547 ಕಂತು ಮುಗಿಸಿ, ಸಿಐಡಿ ನಿಂತಾಗಲೂ ಅಭಿಮಾನಿಗಳು ನಿಲ್ಲಿಸಬೇಡಿ ಎಂದು ಬೇಡಿದ್ದರು, ಜಗಳವಾಡಿದ್ದರು. ದೊಡ್ಡಮ್ಮ ಯಾರಲ್ಲೂ ಬೇಡಲಿಲ್ಲ. ಸಿಐಡಿ ಬರುತ್ತಿದ್ದ ಹೊತ್ತಿಗೆ ಟಿವಿಯನ್ನು ಆರಿಸಿ ತಡ್ಪೆಯನ್ನು ಅಂಗಳದ ದೀಪದ ಕೆಳಗೆ ಒಯ್ದಳು. ಆರು ವರ್ಷ ದಾಟಿ, 2024ರ ಡಿಸೆಂಬರ್ 21ರಂದು ಮತ್ತೆ ಶುರುವಾಯಿತು. ಆ ಹೊತ್ತಿಗೆ ಸಿಐಡಿ ತಂಡದಲ್ಲಿ ಒಬ್ಬರು ಇರಲಿಲ್ಲ. ಫ್ರೆಡ್ರಿಕ್ಸ್ ಆಗಿ ವರ್ಷಗಟ್ಟಲೆ ನಗಿಸಿದ ದಿನೇಶ್ ಫಡ್ನೀಸ್ 2023ರ ಡಿಸೆಂಬರಿನಲ್ಲಿ, 57ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಆ ದಿನ ಫೋನ್ ಮಾಡಿದಾಗ ದೊಡ್ಡಮ್ಮ ಸಾಳುಂಕೆಯನ್ನು ಕೇಳಲಿಲ್ಲ. “ಮಕ್ಕಳು ಎಷ್ಟು?” ಎಂದು ಕೇಳಿದಳು. ಹೆಂಡತಿಯನ್ನು ನೋಡಿಕೊಳ್ಳುವವರು ಯಾರಿದ್ದಾರೆ ಎಂದು ಕೇಳಿದಳು. ನಿಜವಾದ ಸಾವು ಯಾವುದು, ಕಥೆಯ ಸಾವು ಯಾವುದು ಎಂಬ ವ್ಯತ್ಯಾಸ ಅವಳಿಗೆ ಚೆನ್ನಾಗಿಯೇ ತಿಳಿದಿತ್ತು. ಹಾಗಾಗಿ ಎಸಿಪಿಯ ಚಿತ್ರದ ಕೆಳಗೆ ಎರಡು ಇಸವಿ ಹಾಕಿ ಶ್ರದ್ಧಾಂಜಲಿ ಪ್ರಕಟಿಸಿದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಫಡ್ನೀಸರಿಗಾಗಿ ಅದೇ ಜನ ಅತ್ತು ಹದಿನಾರು ತಿಂಗಳಷ್ಟೇ ಆಗಿತ್ತು. ಆ ದುಃಖದ ಗುರುತನ್ನು ಕುತೂಹಲ ಹುಟ್ಟಿಸಲು ಬಳಸಬಾರದಿತ್ತು.

ಪತ್ತೇದಾರನನ್ನು ಕೊಂದು ಓದುಗರ ಸಿಟ್ಟು ಎದುರಿಸಿದವರು ಹಿಂದೆಯೂ ಇದ್ದರು. ಆರ್ಥರ್ ಕಾನನ್ ಡಾಯ್ಲ್ 1893ರ ಡಿಸೆಂಬರಿನಲ್ಲಿ ಷರ್ಲಾಕ್ ಹೋಮ್ಸನನ್ನು ಜಲಪಾತಕ್ಕೆ ಬೀಳಿಸಿದಾಗ ಲಂಡನ್ನಿನ ‘ಸ್ಟ್ರ್ಯಾಂಡ್’ ಪತ್ರಿಕೆಯ ಚಂದಾದಾರರು ಸಾವಿರಗಟ್ಟಲೆ ಚಂದಾ ನಿಲ್ಲಿಸಿದರು. ಅದಕ್ಕೆ ಎರಡು ವರ್ಷ ಮುಂಚೆಯೇ ಡಾಯ್ಲ್ ಹೋಮ್ಸನನ್ನು ಮುಗಿಸಲು ಹೊರಟಿದ್ದರು. ಬೇಡವೆಂದು ತಡೆದದ್ದು ಅವರ ತಾಯಿ. ಆ ತಾಯಿ ಮತ್ತು ನಮ್ಮ ದೊಡ್ಡಮ್ಮ ಒಂದೇ ಜಗಲಿಯಲ್ಲಿ ಕೂತಿದ್ದರೆ ಭಾಷೆ ಬಾರದೆಯೂ ಮಾತು ಸಾಗುತ್ತಿತ್ತು. 1903ರಲ್ಲಿ ಹೋಮ್ಸ್ ಜಲಪಾತಕ್ಕೆ ಬೀಳಲೇ ಇಲ್ಲವೆಂದು ಬರೆದು ಡಾಯ್ಲ್ ಅವನನ್ನು ವಾಪಸು ತರಬೇಕಾಯಿತು.

ನಮ್ಮಲ್ಲಿ ಅಷ್ಟು ವರ್ಷ ಬೇಕಾಗಲಿಲ್ಲ. ನಡುವೆ ಆಯುಷ್ಮಾನ್ ಎಂಬ ಹೊಸ ಎಸಿಪಿ ಬಂದರು, ಪಾರ್ಥ್ ಸಮ್ಥಾನ್ ಎಂಬ ಚೆಲುವ ನಟ. ಅಭಿಮಾನಿಗಳು ಅವರನ್ನು ಸುಲಭದಲ್ಲಿ ಒಳಗೆ ಬಿಟ್ಟುಕೊಳ್ಳಲಿಲ್ಲ. ದೊಡ್ಡಮ್ಮ ಮಾತ್ರ ಆ ಹುಡುಗನ ಮೇಲೆ ಸಿಟ್ಟಾಗಲಿಲ್ಲ. “ಅವನದ್ದು ಎಂತ ತಪ್ಪು? ಕರೆದದ್ದಕ್ಕೆ ಬಂದ. ದೊಡ್ಡವರ ಕುರ್ಚಿಯಲ್ಲಿ ಕೂರುದು ಅವನಿಗೂ ಕಷ್ಟವೇ” ಎಂದಳು. ಆದರೆ ಆ ವಾರಗಳಲ್ಲಿ ಅವಳ ಗಮನವೆಲ್ಲ ದಯಾನ ಮುಖದ ಮೇಲಿತ್ತು. ಗಡ್ಡ ಬಿಟ್ಟಿದ್ದಾನೆಯೇ, ಊಟ ಮಾಡಿದ ಹಾಗಿದೆಯೇ, ಅಭಿಜಿತ್ ಅವನ ಹೆಗಲ ಮೇಲೆ ಕೈ ಇಟ್ಟನೇ, ಎಲ್ಲವೂ ನನಗೆ ಭಾನುವಾರದ ಫೋನಿನಲ್ಲಿ ವರದಿಯಾಗುತ್ತಿತ್ತು. ನಾನು ಕೂಡ ಆಗ ಪ್ರತಿ ಕಂತು ನೋಡತೊಡಗಿದೆ. ಅವಳು ಕೇಳಿದ್ದಕ್ಕೆ ಉತ್ತರ ಕೊಡಬೇಕಿತ್ತಲ್ಲ.

ಶಿವಾಜಿ ಸಾಟಮ್ ತೆರೆಗೆ ಮರಳಲಿದ್ದಾರೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ನಾನು ಅವಳಿಗೆ ಹೇಳಲಿಲ್ಲ. ಅವಳಿಗೇ ಕಾಣಲಿ ಎಂದು ಬಿಟ್ಟೆ. ಬಂದ ರಾತ್ರಿ, ಹತ್ತೂಕಾಲಿಗೆ ಮನಸ್ಸು ತಡೆಯದೆ ಫೋನ್ ಮಾಡಿದೆ. ಎತ್ತಲಿಲ್ಲ. ಜಾಹೀರಾತು ಬಂದ ಕೂಡಲೇ ಅವಳೇ ಮಾಡಿದಳು. ಹಿಂದೆ ಟಿವಿಯ ಸದ್ದು, ತಡ್ಪೆಯಲ್ಲಿ ಎಲೆ ಸರಿಸುವ ಸದ್ದು.

“ಬಂದ್ರು,” ಎಂದಳು. “ಸ್ವಲ್ಪ ಬಡವಾಗಿದ್ದಾರೆ.”