ದರದ ಹಲಗೆ

ಚೌಕಾಸಿಯೂ ಒಂದು ವಿದ್ಯೆಯೇ. ಗಾಡಿಯವನು 40 ರೂಪಾಯಿ ಎಂದದ್ದನ್ನು ನಗುನಗುತ್ತಲೇ 25ಕ್ಕೆ ಇಳಿಸಿ, ಮೇಲೊಂದು ಹಿಡಿ ಕೊತ್ತಂಬರಿಯನ್ನೂ ಹಾಕಿಸಿಕೊಂಡು ಬರುವ ಗೆಳತಿಯರು ನನಗಿದ್ದಾರೆ. ನನ್ನ ಬಿ.ಎ.ಯಲ್ಲಾಗಲಿ ಬಿ.ಎಡ್.ನಲ್ಲಾಗಲಿ ಅದನ್ನು ಯಾರೂ ಕಲಿಸಲಿಲ್ಲ. ಬೆಂಗಳೂರಿಗೆ ಸೊಸೆಯಾಗಿ ಬಂದ ನನ್ನನ್ನು ಕಾಪಾಡಿದ್ದು ಶಾಲೆಯ ದಾರಿಯಲ್ಲಿದ್ದ ಹಾಪ್‌ಕಾಮ್ಸ್ ಮಳಿಗೆ.

ನಮ್ಮ ಅತ್ತೆಯವರದು ಒಂದೇ ಪ್ರಶ್ನೆ: "ಎಷ್ಟು ಕೊಟ್ಟೆ?" ನಾನು ಎಷ್ಟೇ ಹೇಳಲಿ, ಪಕ್ಕದ ಮನೆಯವರಿಗೆ ಎರಡು ರೂಪಾಯಿ ಕಡಿಮೆಗೇ ಸಿಕ್ಕಿರುತ್ತಿತ್ತು. ದುಡಿದ ಸಂಬಳ ನನ್ನದೇ. ಆದರೂ ಸೌತೆಕಾಯಿಯ ಲೆಕ್ಕ ಒಪ್ಪಿಸುವಾಗ ಇನ್‌ಸ್ಪೆಕ್ಟರ ಮುಂದೆ ಪಾಠ ಮಾಡುವವಳಂತೆ ನಾಲಿಗೆ ಒಣಗುತ್ತಿತ್ತು. ಹಾಪ್‌ಕಾಮ್ಸ್‌ನಲ್ಲಿ ದರವನ್ನು ಹಲಗೆಯ ಮೇಲೆ ಬರೆದಿರುತ್ತಾರೆ. ಡಾಕ್ಟರ ಹೆಂಡತಿಗೂ ಅದೇ, ಅವರ ಮನೆ ಕೆಲಸದಾಕೆಗೂ ಅದೇ. "ಬೋರ್ಡಿನಲ್ಲಿ ಇದ್ದದ್ದೇ ಅಷ್ಟು ಅತ್ತೆ" ಎಂದರೆ ಮಾತು ಅಲ್ಲಿಗೆ ನಿಲ್ಲುತ್ತಿತ್ತು. ಹಾಗೆ ನಿಲ್ಲುವುದರ ಸುಖ ಲೆಕ್ಕ ಒಪ್ಪಿಸಿದವರಿಗೇ ಗೊತ್ತು.

ತೋಟಗಾರಿಕೆಯ ಡಾ. ಎಂ.ಎಚ್. ಮರೀಗೌಡರ ಮುತುವರ್ಜಿಯಿಂದ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದು ಇದು. ರೈತರಿಂದ ನೇರವಾಗಿ ಕೊಳ್ಳುವುದರಿಂದ ನಡುವೆ ದಲ್ಲಾಳಿಯಿಲ್ಲ. ಹಾಗೆಂದು ಎಲ್ಲವೂ ಅಗ್ಗವೆಂದು ಹೇಳಲಾರೆ. ಸೊಪ್ಪನ್ನು ನಾನು ಇಂದಿಗೂ ಗಾಡಿಯಲ್ಲೇ ಕೊಳ್ಳುತ್ತೇನೆ.

ಹೋಗುವುದಾದರೆ ಬೆಳಿಗ್ಗೆ, ಸರಕು ಇಳಿಸಿದ ಹೊತ್ತಿಗೇ ಹೋಗಿ. ಬೆಳಗಿನ ಬೀನ್ಸಿಗೂ ಸಂಜೆ ಬಾಡಿದ ಬೀನ್ಸಿಗೂ ಅದೇ ದರವಾದ್ದರಿಂದ ಮೊದಲು ಹೋದವರಿಗೇ ಲಾಭ. ಏಲಕ್ಕಿ ಬಾಳೆಯಾದರೆ ಅರ್ಧ ಹಸಿರಿರುವ ಚಿಪ್ಪನ್ನೇ ಕೇಳಿ, ಮೂರು ದಿನಕ್ಕೆ ಬರುತ್ತದೆ. ದೇವನಹಳ್ಳಿ ಚಕ್ಕೋತ ಕಂಡರೆ ಬಿಡಬೇಡಿ. ಒಂದೇ ಗಾತ್ರದ ಎರಡನ್ನು ಎರಡು ಕೈಯಲ್ಲಿ ಹಿಡಿದು ನೋಡಿ, ಭಾರವಾದದ್ದರಲ್ಲಿ ರಸ ಹೆಚ್ಚು. ಉಪ್ಪು, ಖಾರದ ಪುಡಿ ಸವರಿಕೊಂಡು ತಿನ್ನಬೇಕು.

ನನ್ನ ಪಕ್ಷಪಾತವೆಲ್ಲ ಬೆಂಗಳೂರು ನೀಲಿ ದ್ರಾಕ್ಷಿಯ ಮೇಲೆ. ದಪ್ಪ ಸಿಪ್ಪೆ, ಒಳಗೆ ಬೀಜ, ಜೊತೆಗೆ ಹುಳಿ. ಮಕ್ಕಳು ಮೂಸಿಯೂ ನೋಡುವುದಿಲ್ಲ, ಅವರಿಗೆ ಬೀಜವಿಲ್ಲದ್ದೇ ಬೇಕು. ಇದನ್ನು ಸ್ವಲ್ಪ ನೀರಿನಲ್ಲಿ ಸಿಪ್ಪೆ ಬಿಡುವವರೆಗೆ ಬೇಯಿಸಿ, ಹಿಸುಕಿ ಸೋಸಿ, ಸಕ್ಕರೆ ಹಾಕಿ ಆರಿಸಿ. ಆ ಬಣ್ಣ, ಆ ಘಮ ಯಾವ ಬಾಟಲಿಯಲ್ಲೂ ಸಿಗುವುದಿಲ್ಲ. ಬೀಜ ಒಡೆಯದಂತೆ ಕೈಯಲ್ಲೇ ಹಿಸುಕಬೇಕು. ಮಿಕ್ಸಿಗೆ ಹಾಕಿದಿರೋ, ಒಗರು!

ಬೇಸಿಗೆಯ ಮೇಳಗಳನ್ನೂ ನೆನಪಿಟ್ಟುಕೊಳ್ಳಿ: ಮೊದಲು ದ್ರಾಕ್ಷಿ ಕಲ್ಲಂಗಡಿ, ಆಮೇಲೆ ಮಾವು ಹಲಸು. ಎಷ್ಟೋ ವರ್ಷ ಶೇ. 10 ರಿಯಾಯಿತಿ ಕೊಟ್ಟಿದ್ದಾರೆ. ಸೀಕರಣೆಗೆ ರಸಪುರಿ, ಹಾಗೆಯೇ ತಿನ್ನಲು ಬಾದಾಮಿ, ಮಾವಿನಕಾಯಿ ಚಿತ್ರಾನ್ನಕ್ಕೆ ತೋತಾಪುರಿ. ಮಲ್ಲಿಕಾ ತಡವಾಗಿ ಬರುವ ಹಣ್ಣು. ಎಲ್ಲರೂ ಮಾವು ತಿಂದು ಸಾಕಾದ ಮೇಲೆ ಬರುತ್ತದೆ. ಕಾಯಿಯಾಗಿಯೇ ತಂದು ಹುಲ್ಲಿನಲ್ಲಿಟ್ಟು, ಸಿಪ್ಪೆ ತುಸು ಸುಕ್ಕುವವರೆಗೆ ಕಾಯುವ ತಾಳ್ಮೆ ಬೇಕು.

ಅತ್ತೆಯವರು ಕೊನೆಕೊನೆಗೆ ನನ್ನ ಜೊತೆ ತಾವೂ ಮಳಿಗೆಗೆ ಬರತೊಡಗಿದರು. ಅವರಿಗೆ ಓದಲು ಬಾರದು. ಆಯುಷ್ಯವಿಡೀ ಅಂಗಡಿಯವನು ಬಾಯಲ್ಲಿ ಹೇಳಿದ್ದೇ ಅವರಿಗೆ ದರ. ಅದನ್ನು ಇಳಿಸಲು ಅವರ ಬಳಿ ಇದ್ದದ್ದೂ ಬಾಯಿ ಒಂದೇ. ಹಲಗೆಯ ಮುಂದೆ ನಿಂತು, "ಮೇಲಿಂದ ಓದು" ಎನ್ನುತ್ತಿದ್ದರು. ನಾನು ತರಗತಿಯಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದುತ್ತಿದ್ದೆ: ಬದನೆ ಇಷ್ಟು, ಹೀರೆ ಇಷ್ಟು, ನುಗ್ಗೆ ಇಷ್ಟು. ಬೇರೆ ಗಿರಾಕಿಗಳು ತಿರುಗಿ ನೋಡುತ್ತಿದ್ದರು. ಅವರು ಕೊಳ್ಳುತ್ತಿದ್ದದ್ದು ಅರ್ಧ ಕಿಲೋ ಹೀರೆ. ಆದರೂ ಪಟ್ಟಿ ಪೂರ್ತಿ ಓದಿಸದೆ ಬಿಡುತ್ತಿರಲಿಲ್ಲ. ಜೂನ್ ಬಂದರೆ ಕೊನೆಯ ಸಾಲಿನಲ್ಲಿ ಬೆರಳಿಟ್ಟು, "ಇದು ಮಲ್ಲಿಕಾನೇನೇ?" ಎಂದು ಕೇಳುತ್ತಿದ್ದರು.